ಹೊಡೆದು ಹಾಕಿದ ಸಾಲು

ಈಚೆಗೊಂದು ದಿನ ಕೊಲ್ಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದ ಬೆಂಚಿನ ಹೆಂಗಸೊಬ್ಬಳು ಚೀಲದಿಂದ ಸಣ್ಣ ಬಾಟಲಿ ತೆಗೆದು, ಸೆರಗಿನ ತುದಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಸುರಿದುಕೊಂಡು ಮೂಗಿಗೆ ಹಿಡಿದಳು. ನೆಗಡಿಯಾಗಿತ್ತೋ ಏನೋ. ಆ ವಾಸನೆ ಬಂದದ್ದೇ ತಡ, ನಾನು ತಟ್ಟನೆ ತಿರುಗಿ ನೋಡಿದೆ. ಯಾರೋ ಅಪರಿಚಿತಳು. ನಾನು ಹುಡುಕಿದ ಮುಖ ಇನ್ನು ಯಾವ ಬಸ್ ಸ್ಟ್ಯಾಂಡಿನಲ್ಲೂ ಸಿಗುವಂಥದ್ದಲ್ಲ ಎಂದು ಗೊತ್ತಿದ್ದೂ ತಿರುಗಿದ್ದೆ...

ಅವರನ್ನು ನಾವೆಲ್ಲ ಮಾವಶಿ ಎಂದು ಕರೆಯುತ್ತಿದ್ದೆವು. ಮರಾಠಿಯಲ್ಲಿ ಮಾವಶಿ ಎಂದರೆ ತಾಯಿಯ ಅಕ್ಕ ಇಲ್ಲವೇ ತಂಗಿ. ಇಚಲಕರಂಜಿಯಲ್ಲಿ ಸ್ವಲ್ಪ ವಯಸ್ಸಾದ ಹೆಂಗಸರೆಲ್ಲ ಎಲ್ಲರಿಗೂ ಮಾವಶಿಯರೇ. ಆದರೆ ನಮ್ಮ ಆಫೀಸಿನಲ್ಲಿ ಆ ಹೆಸರು ಅವರೊಬ್ಬರಿಗೆ ಮೀಸಲಾಗಿತ್ತು.

ನನಗಾಗ ಇಪ್ಪತ್ನಾಲ್ಕು. ಸಂಕೇಶ್ವರದಲ್ಲಿ ಕನ್ನಡ ಶಾಲೆ ಕಲಿತು, ಕೊಲ್ಹಾಪುರದಲ್ಲಿ ಸಮಾಜಕಾರ್ಯದ ಡಿಗ್ರಿ ಮುಗಿಸಿ, ಇಚಲಕರಂಜಿಯ ಒಂದು ಸಣ್ಣ ಸಂಸ್ಥೆಗೆ ಸೇರಿದ್ದೆ. ಮಗ್ಗದ ಕಾರಖಾನೆಗಳಲ್ಲಿ ದುಡಿಯುವವರ ಎದೆ ತಪಾಸಣೆ ಮಾಡುವುದು ಸಂಸ್ಥೆಯ ಕೆಲಸ. ನೂಲಿನ ಗೋದಾಮಿನ ಮೇಲೆ ಎರಡು ಕೋಣೆ. ವಾರಕ್ಕೆರಡು ಸಲ ಬರುವ ಡಾಕ್ಟರು, ಸಂಸ್ಥೆ ನಡೆಸುವ ಸರ್, ಮನೆಮನೆ ತಿರುಗುವ ಮೂವರು ಆರೋಗ್ಯ ಕಾರ್ಯಕರ್ತೆಯರು, ಮತ್ತೆ ಬರೆಯುವ ಕೆಲಸಕ್ಕೆಂದು ನಾನು. ಕಾರ್ಯಕರ್ತೆಯರಲ್ಲಿ ಮಾವಶಿಯೇ ಹಿರಿಯರು.

ಅವರ ಊರು ಚಿಕ್ಕೋಡಿ ಕಡೆಯದು. ಮದುವೆಯಾಗಿ ಬಂದದ್ದು ಇಚಲಕರಂಜಿಗೆ. ಗಂಡ ಮಗ್ಗ ನಡೆಸುತ್ತಿದ್ದರು. ಅದೇ ಕಾರಖಾನೆಯಲ್ಲಿ ಮಾವಶಿ ಕಾಂಡಿ ಸುತ್ತುತ್ತಿದ್ದರು. ಲಾಳಿಯೊಳಗೆ ಕೂರುವ ಸಣ್ಣ ಕೋಲಿಗೆ ನೂಲು ಸುತ್ತುವುದನ್ನು ಅಲ್ಲಿ ಹಾಗೆನ್ನುತ್ತಾರೆ. ಇಪ್ಪತ್ತು ವರ್ಷ ಅದನ್ನೇ ಮಾಡಿದರು. ಗಂಡ ದಮ್ಮು ಹತ್ತಿ, ಕೂತಲ್ಲೇ ಉಸಿರಿಗೆ ಒದ್ದಾಡಿ ತೀರಿಕೊಂಡ ಮೇಲೆ ಕಾಂಡಿ ಬಿಟ್ಟು ಸಂಸ್ಥೆಗೆ ಬಂದಿದ್ದರು. ಒಬ್ಬಳೇ ಮಗಳು, ಗಡಹಿಂಗ್ಲಜಕ್ಕೆ ಕೊಟ್ಟಿತ್ತು. ಓದಿದ್ದು ಕನ್ನಡ ನಾಲ್ಕನೆಯ ತರಗತಿ. ಆದರೆ ಬಾಗಿಲ ಹೊರಗೆ ನಿಂತು ಒಳಗಿನ ಕೆಮ್ಮು ಕೇಳಿಯೇ, ಇದು ಹತ್ತಿಯ ಧೂಳಿನ ಕೆಮ್ಮು, ಇದು ಬೀಡಿಯದು, ಇದು ಟಿಬಿ ಇರಬೇಕು ಎನ್ನುತ್ತಿದ್ದರು. ಡಾಕ್ಟರೇ ಒಮ್ಮೊಮ್ಮೆ ಅವರ ಮುಖ ನೋಡುತ್ತಿದ್ದುದುಂಟು.

ಅವರ ಸೆರಗಿಗೆ ಯಾವಾಗಲೂ ನೀಲಗಿರಿ ಎಣ್ಣೆಯ ವಾಸನೆ. ಮೆಟ್ಟಿಲು ಹತ್ತಿ ಅವರು ಬರುವ ಮೊದಲೇ ಅದು ಬರುತ್ತಿತ್ತು. ಯಾಕೆ ಹಚ್ಚಿಕೊಳ್ಳುತ್ತಾರೆ ಎಂದು ನಾನು ಕೇಳಲಿಲ್ಲ. ಕೆಲವರು ಹೂವು ಮುಡಿಯುತ್ತಾರೆ, ಇವರು ಇದನ್ನು ಹಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ನಾನು ಸೇರಿದ ವರ್ಷವೇ ಮುಂಬೈಯ ಒಂದು ಟ್ರಸ್ಟ್ ಹಣ ಕೊಡುವ ಮಾತು ಬಂತು. ಪಕ್ಕದ ಕೊರೋಚಿಯ ಮಗ್ಗದ ಕೇರಿಗಳಿಗೂ ನಮ್ಮ ಕೆಲಸ ಹಬ್ಬಿಸಬೇಕೆಂದು ಸರ್ ಪ್ರಸ್ತಾವ ಬರೆದರು. ಬಜೆಟ್ಟಿನ ಜೊತೆಗೆ ಇನ್ನೊಂದು ಕಾಗದ ಬೇಕೆಂದು ಟ್ರಸ್ಟಿನವರು ಕೇಳಿದ್ದರು. ಅದರಲ್ಲಿ ಒಂದೊಂದು ಬಾಬತ್ತಿನ ಎದುರಿಗೂ ಅದು ಯಾಕೆ ಬೇಕು, ಇಷ್ಟೇ ಯಾಕೆ ಬೇಕು, ಇಲ್ಲದಿದ್ದರೆ ಏನಾಗುತ್ತದೆ ಎಂದು ಕಾರಣ ಬರೆಯಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಕಾಲೇಜಿನಲ್ಲಿ ಕಲಿತ ದೊಡ್ಡ ಮಾತುಗಳನ್ನೆಲ್ಲ ತುಂಬಿದೆ. ‘ಯೋಜನೆಯ ಪರಿಣಾಮಕಾರಿ ಅನುಷ್ಠಾನಕ್ಕೆ ಅತ್ಯಗತ್ಯ’ ಎಂದು ಎಲ್ಲದಕ್ಕೂ ಬರೆದಿದ್ದೆ. ಉಸಿರಿನ ಬಲ ಅಳೆಯಲು ಊದುವ ಮೀಟರಿಗೂ ಅದೇ, ರಿಜಿಸ್ಟರಿಗೂ ಅದೇ. ಸರ್ ಓದಿ, ಕಾಗದವನ್ನು ನನ್ನ ಮೇಜಿನ ಮೇಲೆ ಮಗುಚಿ ಇಟ್ಟು ಹೋದರು.

ನಾನು ತಲೆಗೆ ಕೈ ಹಚ್ಚಿ ಕೂತಿದ್ದೆ. ಮಾವಶಿ ಊಟದ ಡಬ್ಬಿ ತೊಳೆದುಕೊಂಡು ಬಂದರು.

“ಏನ್ ಬರ್ಯಾಕತ್ತೀ ತಂಗಿ, ಮುಂಜಾನಿಂದ?”

“ಒಂದೊಂದು ಸಾಮಾನು ಯಾಕ ಬೇಕು ಅಂತ ಬರೀಬೇಕ್ರಿ ಮಾವಶಿ, ರೊಕ್ಕ ಕೊಡೋರಿಗೆ.”

“ಅವರು ಕೊರೋಚಿ ನೋಡ್ಯಾರೇನು?”

“ಇಲ್ರಿ.”

“ನೀ?”

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿ, “ನಡಿ ಹಂಗಾದ್ರ. ಪೆನ್ನು ತಗೊ,” ಎಂದರು.

ಎರಡು ದಿನ ಅವರ ಹಿಂದೆ ತಿರುಗಿದೆ. ಕಾರಖಾನೆಯ ಒಳಗೆ ಮಗ್ಗಗಳ ಸಪ್ಪಳಕ್ಕೆ ಎದುರಿಗಿದ್ದವರ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಬೆಳಕಿನ ಕೋಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಅರ್ಧ ತಾಸಿನಲ್ಲಿ ನನ್ನ ಕಣ್ಣುರೆಪ್ಪೆ, ತುಟಿ, ಕೊರಳ ಬೆವರಿಗೆಲ್ಲ ಅದು ಅಂಟಿತು. ಹೊರಗೆ ಬಂದು ಉಗುಳಿದೆ. ಮಾವಶಿ ನನ್ನ ಬೆನ್ನು ಸವರುತ್ತ, “ಬರಕೊ,” ಎಂದರು.

ಒಂದು ಮನೆಯ ಬಾಗಿಲಲ್ಲಿ ಹೆಂಗಸೊಬ್ಬಳು ಅಡ್ಡ ನಿಂತು, ಗಂಡ ಮನೆಯಲ್ಲಿಲ್ಲ ಎಂದಳು. ಒಳಗಿನಿಂದ ಕೆಮ್ಮು ಕೇಳಿತು.

“ಇಲ್ಲದಾಂವ ಕೆಮ್ಮತಾನೇನ ಯವ್ವಾ?” ಎಂದು ಮಾವಶಿ ನಕ್ಕರು. ಆಕೆಗೂ ನಗು ಬಂತು, ಬಾಗಿಲು ಬಿಟ್ಟಳು. ಒಳಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಮಗ್ಗ ನಡೆಸುವವನೊಬ್ಬ ಗೋಡೆಗೆ ಮುಖ ಮಾಡಿ ಮಲಗಿದ್ದ. ದವಾಖಾನೆಗೆ ಹೋದರೆ ಒಂದು ಪಾಳಿ ತಪ್ಪುತ್ತದೆ, ಎರಡು ಸಲ ಪಾಳಿ ತಪ್ಪಿದರೆ ಸೇಠ್ ಬೇರೆಯವರನ್ನು ಹಚ್ಚುತ್ತಾನೆ ಎಂದ. ಮಾವಶಿ ಅವನೊಡನೆ ವಾದಕ್ಕಿಳಿಯಲಿಲ್ಲ. ಚೀಲದಿಂದ ಕಫದ ಡಬ್ಬಿ ತೆಗೆದು ತಲೆದಿಂಬಿನ ಪಕ್ಕ ಇಟ್ಟರು. “ನೀ ಬರಬ್ಯಾಡಪ್ಪಾ. ನಾಳೆ ಎದ್ದ ಕೂಡ್ಲೆ ಇದರಾಗ ಉಗಳು. ನಾ ಬಂದ ಒಯ್ತೀನಿ,” ಎಂದರು.

ಹೊರಗೆ ಬಂದು ಓಣಿಯ ಕಟ್ಟೆಯ ಮೇಲೆ ಕೂತು ನಾನು ಬರೆದೆ. ‘ತಪಾಸಣೆಗೆ ಬರುವ ಕೆಲಸಗಾರ ಒಂದು ಪಾಳಿಯ ಕೂಲಿ ಕಳೆದುಕೊಳ್ಳುತ್ತಾನೆ, ಆದ್ದರಿಂದ ಬರುವುದಿಲ್ಲ. ತಪಾಸಣೆಯೇ ಅವನ ಮನೆಗೆ ಹೋಗಬೇಕು. ಮನೆಭೇಟಿಗೆ ಒಬ್ಬ ಕಾರ್ಯಕರ್ತೆ ಬೇಕಾಗಿರುವುದು ಇದಕ್ಕೆ.’ ಮೀಟರಿನ ಬಾಯಿಕೊಳವೆ ಒಬ್ಬೊಬ್ಬರಿಗೆ ಒಂದೊಂದು ಯಾಕೆ ಬೇಕು, ಡಬ್ಬಿಗಳು ಯಾಕೆ ಹೆಚ್ಚು ಬೇಕು, ಎರಡು ಛತ್ರಿ ಯಾಕೆ... ಎಲ್ಲಕ್ಕೂ ಮಾವಶಿಯ ಬಾಯಿಂದಲೇ ಕಾರಣ ಬಂತು. ನಾನು ಅದನ್ನು ಇಂಗ್ಲಿಷಿಗೆ ತಂದೆ, ಅಷ್ಟೆ.

ಕೊನೆಯ ಬಾಬತ್ತು ಕಾರ್ಯಕರ್ತೆಯರದ್ದೇ ಆಗಿತ್ತು. ವರ್ಷಕ್ಕೊಮ್ಮೆ ಮೂವರಿಗೂ ಎದೆಯ ಎಕ್ಸ್‌ರೇ ಮತ್ತು ಡಾಕ್ಟರ ತಪಾಸಣೆ. ಅದನ್ನು ಸೇರಿಸಿದವರು ನಮ್ಮ ಡಾಕ್ಟರು. ಕಾರಣದ ಜಾಗದಲ್ಲಿ ನಾನು ಎರಡು ಸಾಲು ಬರೆದಿದ್ದೆ. ಅವು ಹುರುಪಿಲ್ಲದ ಸಾಲುಗಳು. ಆ ಹೊತ್ತಿಗೆ ದಣಿದಿದ್ದೆ.

ಟ್ರಸ್ಟಿನವರಿಂದ ಎರಡು ವಾರದಲ್ಲಿ ಉತ್ತರ ಬಂತು. ಪ್ರಸ್ತಾವ ಹಿಡಿಸಿದೆ, ಆದರೆ ಒಟ್ಟು ಸ್ವಲ್ಪ ಇಳಿಯಬೇಕು, ತಿದ್ದಿದ ಕಾಗದ ಅಂದೇ ನಾಲ್ಕು ಗಂಟೆಯೊಳಗೆ ತಲುಪಬೇಕು. ಜೊತೆಗೊಂದು ಪ್ರಶ್ನೆ ಇತ್ತು. ಕಾರ್ಯಕರ್ತೆಯರು ಮಗ್ಗದ ಕೆಲಸಗಾರರಲ್ಲವಲ್ಲ, ಅವರಿಗೆ ಎಕ್ಸ್‌ರೇ ಯಾಕೆ?

ಸರ್ ಅಂದು ಗಡಹಿಂಗ್ಲಜದಲ್ಲಿ ಸಂಬಂಧಿಕರ ಮದುವೆಯಲ್ಲಿದ್ದರು. ಫೋನಿನಲ್ಲಿ ವಾಲಗದ ಸದ್ದು. “ಕಾಯ್ ತರೀ ಕಮೀ ಕರ್,” ಏನಾದರೂ ಕಡಿಮೆ ಮಾಡು, ಎಂದು ಮರಾಠಿಯಲ್ಲಿ ಕೂಗಿ ಹೇಳಿದರು. ಯಾವುದನ್ನು ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಡಾಕ್ಟರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ.

ನಾನು ಲೆಕ್ಕ ಹಾಕಿದೆ. ಎರಡೇ ದಾರಿ ಕಂಡವು. ಕೊರೋಚಿಯ ಮನೆಭೇಟಿ ವಾರದಲ್ಲಿ ಒಂದು ದಿನ ಕಡಿಮೆಯಾಗಬೇಕು, ಇಲ್ಲವೇ ಈ ಎಕ್ಸ್‌ರೇ ಹೋಗಬೇಕು. ಮಾವಶಿ ಆಗ ಆಫೀಸಿನಲ್ಲೇ ಇದ್ದರು. ಕಿಟಕಿಯ ಬಳಿ ಕೂತು ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದರು. ನಾನು ಅವರಿಗೆ ಎರಡನ್ನೂ ಹೇಳಿದೆ.

“ಫೋಟೋ ಹೊಡದ್ ಹಾಕು,” ಎಂದರು. ಎಕ್ಸ್‌ರೇಗೆ ಅವರು ಫೋಟೋ ಎನ್ನುತ್ತಿದ್ದರು.

“ಡಾಕ್ಟರು ಬೇಕಂದಿದ್ರಲ್ರಿ...”

“ನಮಗೇನಾಗೈತಿ ಧಾಡಿ? ಆ ಒಂದ ದಿನಾ ನೀ ಕಡದ್ರ ಕೊರೋಚಿ ಮಂದೀ ಕಡೆ ಯಾರ ಹೋಗತಾರು? ಹೊಡದ್ ಹಾಕವಾ, ಭಾಳ ವಿಚಾರ ಮಾಡಬ್ಯಾಡ,” ಎಂದು ನಕ್ಕರು.

ನಾನು ಆ ಸಾಲನ್ನು ಹೊಡೆದು ಹಾಕಿದೆ. ಹೊಡೆದದ್ದಕ್ಕೂ ಕಾರಣ ಬರೆಯಬೇಕಿತ್ತು. ‘ಆರೋಗ್ಯ ಕಾರ್ಯಕರ್ತೆಯರು ಈಗ ಮಗ್ಗದ ಕೆಲಸದಲ್ಲಿಲ್ಲ, ಧೂಳಿನ ಸಂಪರ್ಕ ಅವರಿಗಿಲ್ಲ. ಆದ್ದರಿಂದ ಈ ಬಾಬತ್ತನ್ನು ಕೈಬಿಡಲಾಗಿದೆ’ ಎಂದು ಬರೆದೆ. ಆ ವಾಕ್ಯ ಸಲೀಸಾಗಿ ಬಂತು. ಇಪ್ಪತ್ತು ವರ್ಷ ಕಾಂಡಿ ಸುತ್ತಿದ ಹೆಂಗಸು ನನ್ನಿಂದ ಮೂರು ಮಾರು ದೂರದಲ್ಲಿ ಕೂತಿರುವಾಗ ಅದನ್ನು ಬರೆದೆ. ದಿನಕ್ಕೆ ಹತ್ತು ಟಿಬಿ ಮನೆಗಳ ಒಳಗೆ ಹೋಗಿ ಬರುವವರ ಬಗ್ಗೆ ಅದನ್ನು ಬರೆದೆ. ನಾಲ್ಕಕ್ಕೆ ಮೊದಲೇ ಕಳಿಸಿದೆ. ಮರುದಿನ ಟ್ರಸ್ಟಿನ ಅಧಿಕಾರಿಣಿ ಫೋನ್ ಮಾಡಿ, ಕಾರಣಗಳನ್ನು ಬಹಳ ಸ್ಪಷ್ಟವಾಗಿ ಬರೆದಿದ್ದೀರಿ ಎಂದರು. ನನಗೆ ಹಿಗ್ಗಾಯಿತು. ಪೇಡೆ ತಂದು ಎಲ್ಲರಿಗೂ ಹಂಚಿದೆ. ಮಾವಶಿ ಎರಡು ತಿಂದರು.

ಹಣ ಬಂತು, ಕೊರೋಚಿಯ ಕೆಲಸ ಶುರುವಾಯಿತು. ಮಾವಶಿ ವಾರದ ಆರು ದಿನವೂ ಹೋಗುತ್ತಿದ್ದರು. ಗೋಡೆಗೆ ಮುಖ ಮಾಡಿ ಮಲಗಿದ್ದ ಆ ಮಗ್ಗದವನಿಗೆ ಟಿಬಿ ಇತ್ತು. ಆರು ತಿಂಗಳು ಎದುರಿಗೆ ನಿಂತು ಅವನಿಗೆ ಗುಳಿಗೆ ನುಂಗಿಸಿದರು. ಅವನು ಮೈ ತುಂಬಿಕೊಂಡು ಮತ್ತೆ ಪಾಳಿಗೆ ಹೋದ. ಅಂಥವರು ಒಬ್ಬಿಬ್ಬರಲ್ಲ. ಆ ಕೇರಿಗಳಲ್ಲಿ ಮಕ್ಕಳು ಮಾವಶಿಯ ನೀಲಗಿರಿ ಸೆರಗು ಹಿಡಿದು ಹಿಂದೆ ಬರುತ್ತಿದ್ದವು. ಒಂದಲ್ಲ ಒಂದು ಕೂಸು ಅವರ ಸೊಂಟದ ಮೇಲೆ ಇದ್ದೇ ಇರುತ್ತಿತ್ತು.

ನಡುನಡುವೆ ಕೆಲವನ್ನು ನಾನು ಕಂಡಿದ್ದೆ. ಆಫೀಸಿನ ಮೆಟ್ಟಿಲಿನ ನಡುವೆ ಅವರು ನಿಲ್ಲುತ್ತಿದ್ದರು. ಕುಪ್ಪಸದ ತೋಳು ಸಡಿಲಾಗಿತ್ತು. ಮಾತಿನ ಮಧ್ಯೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಆಚೆ ಹೋಗಿ ಬರುತ್ತಿದ್ದರು. ಕೇಳಿದರೆ, ಬಿಸಿಲು, ಎನ್ನುತ್ತಿದ್ದರು. ನಾನು ಒಪ್ಪಿಕೊಳ್ಳುತ್ತಿದ್ದೆ...

ವರ್ಷ ಕಳೆದ ಮೇಲೆ ಟ್ರಸ್ಟಿನವರು ಕೆಲಸ ನೋಡಲು ಬಂದರು. ಇಬ್ಬರು ಬಂದಿದ್ದರು, ಫೋನಿನಲ್ಲಿ ಹೊಗಳಿದ್ದ ಅಧಿಕಾರಿಣಿಯೂ ಇದ್ದರು. ಕೊರೋಚಿಯ ಮಾರುತಿ ಗುಡಿಯ ಕಟ್ಟೆಯ ಮೇಲೆ ತಪಾಸಣೆ ಇಟ್ಟುಕೊಂಡಿದ್ದೆವು. ಅಧಿಕಾರಿಣಿ ಮೀಟರನ್ನು ಕೈಯಲ್ಲಿ ಹಿಡಿದು, ಇದು ಹೇಗೆ ಎಂದು ಮಾವಶಿಯನ್ನು ಕೇಳಿದರು. ತೋರಿಸಿ, ನೀವೇ ಊದಿ, ಎಂದರು.

ಯಾವಾಗಲೂ ಮಾವಶಿ ಹೇಗೆ ಊದುವುದೆಂದು ಕೈಸನ್ನೆಯಲ್ಲಿ ತೋರಿಸಿ ಮೀಟರನ್ನು ಬೇರೆಯವರಿಗೆ ದಾಟಿಸಿಬಿಡುತ್ತಿದ್ದರು. ಅಂದು ಆಗಲಿಲ್ಲ. ಎಲ್ಲರೂ ನೋಡುತ್ತಿದ್ದರು. ಅವರು ಹೊಸ ಕೊಳವೆ ಹಾಕಿ, ಎದೆ ತುಂಬ ಉಸಿರೆಳೆದುಕೊಂಡು ಊದಿದರು. ಮುಳ್ಳು ಒಂದಿಷ್ಟು ಅಲುಗಿ ತಳದಲ್ಲೇ ನಿಂತಿತು.

“ಮೀಟರ ಕೆಟ್ಟೈತ್ರಿ ಮೇಡಂ,” ಎಂದು ನಕ್ಕರು.

ಬಂದವರೂ ನಕ್ಕರು. ಮೀಟರು ಸರತಿಯಲ್ಲಿ ಮುಂದಿದ್ದವನ ಕೈಗೆ ಹೋಯಿತು. ಅವನು ಊದಿದ, ಮುಳ್ಳು ಅರ್ಧದ ಮೇಲೆ ಹೋಯಿತು. ಅಧಿಕಾರಿಣಿ ಅಷ್ಟರಲ್ಲಿ ರಿಜಿಸ್ಟರು ನೋಡುತ್ತಿದ್ದರು. ಮಾವಶಿ ನನ್ನನ್ನು ನೋಡಿದರು. ನಾನು ಕಣ್ಣು ತಪ್ಪಿಸಿ, ಬಂದವರಿಗೆ ಚಹಾ ಹೇಳಲು ಹೋದೆ.

ಕಾರು ಹೋದ ಮೇಲೆ ಗುಡಿಯ ಹಿಂದೆ ಅವರನ್ನು ನಿಲ್ಲಿಸಿ ಕೇಳಿದೆ.

“ಎಷ್ಟ ದಿನದಿಂದ್ರಿ ಇದು?”

“ಹಳೇದವಾ. ಹತ್ತೀದು. ನಮ್ಮ ಮನಿಯವರಿಗೂ ಇದ ಇತ್ತು. ಇದಕ್ಕೇನ ಔಷಧ ಐತಿ?”

“ಡಾಕ್ಟರಿಗೆ ತೋರಸೂಣ್ರಿ.”

“ತೋರಿಸಿದ್ರ ಸರ್ ನನ್ನ ಮನ್ಯಾಗ ಕುಂದ್ರಸ್ತಾರು. ಇನ್ನ ನಾಕೈದು ಮಂದೀದು ಗುಳಿಗಿ ಮುಗಿಯೂದೈತಿ. ಅದು ಮುಗೀಲಿ. ಅಲ್ಲೀತನಕ ಯಾರಿಗೂ ಹೇಳಬ್ಯಾಡ, ನನ್ನ ಆಣಿ ಐತಿ.”

ನಾನು ಹೂಂ ಎಂದೆ. ಅವರ ಮೇಲಿನ ಪ್ರೀತಿಯಿಂದ ಹೂಂ ಎಂದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆಯೂ ಇತ್ತು. ತಿಂಗಳ ಕೊನೆಗೆ ಟ್ರಸ್ಟಿಗೆ ವರದಿ ಹೋಗಬೇಕಿತ್ತು. ಕೊರೋಚಿಯ ಮನೆಭೇಟಿಗಳೆಲ್ಲ ಅವರ ಕಾಲಿನ ಮೇಲೆ ನಿಂತಿದ್ದವು.

ಮೂರನೆಯ ವಾರ ಕೊರೋಚಿಯ ಓಣಿಯಲ್ಲಿ ಅವರು ಕೆಮ್ಮುತ್ತ ಕುಕ್ಕರಿಸಿದರು. ಸೆರಗು ಕೆಂಪಾಯಿತು. ಅವರು ಆರು ತಿಂಗಳು ಗುಳಿಗೆ ನುಂಗಿಸಿದ್ದ ಅದೇ ಮಗ್ಗದವನು ಪಾಳಿ ಬಿಟ್ಟು ಓಡಿ ಬಂದು, ರಿಕ್ಷಾದಲ್ಲಿ ಹಾಕಿಕೊಂಡು ದವಾಖಾನೆಗೆ ಕರೆತಂದ. ಅಲ್ಲಿಂದ ಕೊಲ್ಹಾಪುರದ ದೊಡ್ಡಾಸ್ಪತ್ರೆಗೆ ಒಯ್ದೆವು.

ಎಕ್ಸ್‌ರೇ ತೆಗೆದರು. ಹತ್ತಿಯ ಧೂಳು ಹಳೆಯ ಹಾನಿ ಮಾಡಿತ್ತು, ನಿಜ. ಆದರೆ ಅದರ ಮೇಲೆ ಎರಡೂ ಕಡೆ ಟಿಬಿ ಹಬ್ಬಿತ್ತು. ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಒಂದು ವರ್ಷದ ಹಿಂದೆ ಇದನ್ನು ತೆಗೆಸಿದ್ದರೂ ಸಾಕಿತ್ತು ಎಂದರು. ಯಾರನ್ನೂ ದೂರುವ ಧಾಟಿಯಲ್ಲಿ ಹೇಳಲಿಲ್ಲ, ಸುಮ್ಮನೆ ಹೇಳಿದರು.

ಮಾವಶಿಗೆ ಟಿಬಿ ಎಂದು ತಿಳಿದಾಗ ಅವರ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆ ಕಂಡಿತು. ಊರವರ ಕೆಮ್ಮನ್ನೆಲ್ಲ ಗುರುತಿಸಿದ ಕಿವಿ ತನ್ನದನ್ನು ಗುರುತಿಸಿರಲಿಲ್ಲ.

“ಟಿಬಿನಾ? ನಾ ಹತ್ತೀದು ಅಂತ ತಿಳದಿದ್ನಲ್ಲ...” ಎಂದರು. ಆಮೇಲೆ ತಟ್ಟನೆ ನನ್ನ ಕೈ ಹಿಡಿದರು. “ತಂಗಿ, ಕೊರೋಚಿ ಕೂಸುಗಳನ್ನ ಎತ್ತಿ ಆಡಿಸೀನಲ್ಲ ನಾ. ಎಲ್ಲಾರದೂ ತಪಾಸ ಮಾಡಸ್ರಿ. ಇವತ್ತ ಮಾಡಸ್ರಿ.”

ಮಾಡಿಸಿದೆವು. ಎರಡು ಮನೆಗಳಲ್ಲಿ ಮಕ್ಕಳಿಗೆ ಔಷಧ ಶುರು ಮಾಡಬೇಕಾಯಿತು. ದಿನವೂ ಅವರು ಅದನ್ನೇ ಕೇಳುತ್ತಿದ್ದರು. ಯಾರಿಗೂ ಏನೂ ಇಲ್ಲ ಎಂದು ನಾವು ಹೇಳುತ್ತಿದ್ದೆವು. ಅವರು ನಂಬಿದರೋ ಇಲ್ಲವೋ ತಿಳಿಯದು. ಕೊನೆಕೊನೆಗೆ ಕೇಳುವುದನ್ನು ಬಿಟ್ಟರು.

ಮಗಳು ಗಡಹಿಂಗ್ಲಜದಿಂದ ಬಂದಿದ್ದಳು. ನನ್ನದೇ ವಯಸ್ಸು. ತಾಯಿಯ ಮಂಚದ ಪಕ್ಕ ನೆಲದ ಮೇಲೆ ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ವಾರ್ಡಿನ ಹೊರಗೆ ನಲ್ಲಿಯ ಬಳಿ ನಾನು ನೀರು ಹಿಡಿಯುತ್ತಿದ್ದಾಗ ಬಂದು ನಿಂತಳು.

“ನೀವು ಮಂದೀದೆಲ್ಲಾ ಎದಿ ತಪಾಸ ಮಾಡೂ ಮಂದಿ. ನಮ್ಮವ್ವಂದ ಒಮ್ಮಿನೂ ನೋಡಲಿಲ್ಲೇನ್ರಿ?”

ಬಾಟಲಿ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ನಾನು ನಲ್ಲಿ ನಿಲ್ಲಿಸಿ ಹೇಳಿದೆ, “ನಾವು ಮಾಡಸೂಣಂತ ಅಂದಿದ್ವಿ. ಅವರ ಬ್ಯಾಡ ಅಂದ್ರು.”

ಸುಳ್ಳಲ್ಲ ಅದು. ಬೇಡ ಎಂದವರು ಮಾವಶಿಯೇ. ಯಾವುದರ ಎದುರಿಗೆ ಇಟ್ಟು ಅವರನ್ನು ಕೇಳಲಾಗಿತ್ತು, ಯಾರು ಕೇಳಿದ್ದರು, ಹೊಡೆದು ಹಾಕಿದ ಕೈ ಯಾರದು, ಇವನ್ನು ನಾನು ಹೇಳಲಿಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದು, “ಅಕಿ ತಾನ ಬ್ಯಾಡ ಅಂದ್ಲು?” ಎಂದು ಇನ್ನೊಮ್ಮೆ ಕೇಳಿದಳು. ನಾನು ಹೌದೆಂದು ತಲೆ ಆಡಿಸಿದೆ. ಅವಳು ಒಳಗೆ ಹೋದಳು. ಆ ಮೇಲೆ ತಾಯಿಯ ಮಂಚದ ಪಕ್ಕ ಕೂರುವ ಬದಲು ಬಾಗಿಲ ಬಳಿ ಕೂರತೊಡಗಿದಳು. ಸೋಂಕಿನ ಹೆದರಿಕೆಯಿರಬೇಕೆಂದು ನಾನು ತಿಳಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ, ಚಹಾದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ, ಮಾವಶಿ ಹೋದರು. ಇಚಲಕರಂಜಿಯಲ್ಲಿ ಮಣ್ಣು ಮಾಡಿದರು. ಕೊರೋಚಿಯಿಂದ ಸೈಕಲ್ಲು, ಮೋಟರ್‌ಸೈಕಲ್ಲುಗಳ ಮೇಲೆ ಮಂದಿ ಬಂದರು. ಪಾಳಿ ಬಿಟ್ಟು ಬಂದಿದ್ದರು. ಪಾಳಿ ತಪ್ಪಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು, ನಾನೇ ಬರೆದಿದ್ದೆನಲ್ಲ.

ಮರುವರ್ಷದ ಪ್ರಸ್ತಾವಕ್ಕೆ ಮತ್ತೆ ಕಾರಣಗಳ ಕಾಗದ ಬಂತು. ಕಾರ್ಯಕರ್ತೆಯರ ಎಕ್ಸ್‌ರೇ ಮೊದಲ ಬಾಬತ್ತಾಗಿ ಇರಲಿ ಎಂದರು ಸರ್. “ಮಾವಶಿಚಂ ಲಿಹೀ,” ಮಾವಶಿಯದನ್ನು ಬರೆ, ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಕೆಟ್ಟ ಮನುಷ್ಯರಲ್ಲ ಅವರು. ನಾನು ಬರೆದೆ. ‘ನಮ್ಮ ಹಿರಿಯ ಕಾರ್ಯಕರ್ತೆಯೊಬ್ಬರು ಸಕಾಲದಲ್ಲಿ ತಪಾಸಣೆಯಿಲ್ಲದೆ ಟಿಬಿಯಿಂದ ತೀರಿಕೊಂಡರು.’ ಒಂದೇ ವಾಕ್ಯ. ಅದರ ಬಗ್ಗೆ ಟ್ರಸ್ಟಿನಿಂದ ಯಾವ ಪ್ರಶ್ನೆಯೂ ಬರಲಿಲ್ಲ. ಕೇಳಿದ್ದಷ್ಟೂ ಕೊಟ್ಟರು. ಆ ದಿನ ನಾನು ಆಫೀಸಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ... ಅದೇ ವರ್ಷ ಕೆಲಸ ಬಿಟ್ಟು ಕೊಲ್ಹಾಪುರಕ್ಕೆ ಬಂದುಬಿಟ್ಟೆ.

ಈಗ ನಾನು ಬೇರೆ ಬೇರೆ ಸಂಸ್ಥೆಗಳ ಹುಡುಗ ಹುಡುಗಿಯರಿಗೆ ಪ್ರಸ್ತಾವ ಬರೆಯುವುದನ್ನು ಕಲಿಸುತ್ತೇನೆ. ಸ್ಪಷ್ಟವಾಗಿ ಬರೆಯಿರಿ ಎಂದು ಹೇಳಿಕೊಡುತ್ತೇನೆ. ಮಾವಶಿಯ ಕಥೆಯನ್ನು ಎಂದೂ ಹೇಳಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಆ ವಾಸನೆ ಮೂಗಿಗೆ ಬಡಿದ ಮೇಲೆ ಮಾತ್ರ ಸುಮ್ಮನಿರಲಾಗಲಿಲ್ಲ. ಕೊರೋಚಿಗೆ ಹೋಗಿ ಆ ಮಗ್ಗದವನನ್ನು ಹುಡುಕಿ, ಮಾವಶಿಯ ಮಗಳ ವಿಳಾಸ ತೆಗೆದುಕೊಂಡೆ. ಮುಂದಿನ ಭಾನುವಾರ ಗಡಹಿಂಗ್ಲಜದ ಬಸ್ಸು ಹತ್ತಿದೆ.

ಪೇಟೆಯ ಹಿಂದಿನ ಓಣಿಯಲ್ಲಿ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು, ನನ್ನದರ ಹಾಗೆಯೇ. ನೋಡಿದ ಕೂಡಲೇ ಗುರುತಿಸಿದಳು.

“ಅವ್ವನ ಆಫೀಸಿನ್ಯಾವ್ರ ಹೌದಲ್ರಿ? ಬರ್ರಿ, ಕುಂದರ್ರಿ.”

ನೀರು ಕೊಟ್ಟಳು. ನಾನು ಕುಡಿಯದೆ ಹೇಳಲು ಶುರುಮಾಡಿದೆ. ಕಾಗದ, ನಾಲ್ಕು ಗಂಟೆ, ಎರಡು ದಾರಿ, ಮಾವಶಿಯ ಮುಂದೆ ಅವನ್ನು ಇಟ್ಟದ್ದು, ನಾನು ಬರೆದ ಆ ವಾಕ್ಯ, ಗುಡಿಯ ಕಟ್ಟೆಯ ಮೇಲಿನ ಮೀಟರು, ಯಾರಿಗೂ ಹೇಳದೆ ಮೂರು ವಾರ ಕಳೆದದ್ದು... ಅವಳು ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. 

“ಅವತ್ತ ನಳದ ಹಂತ್ಯಾಕ, ಅಕಿ ತಾನ ಬ್ಯಾಡಂದ್ಲು ಅಂದಿದ್ರಿ ನೀವು,” ಎಂದಳು ಕೊನೆಗೆ.

“ಹೌದ್ರಿ. ಪೂರಾ ಹೇಳಲಿಲ್ಲ ನಾನು.”

“ಅದೊಂದ ಮಾತ ಇಟ್ಕೊಂಡು ಇಷ್ಟ ವರ್ಷ ಅಕಿ ಮ್ಯಾಲ ಸಿಟ್ಟ ಮಾಡ್ಕೊಂಡ ಕುಂತೇನ್ರಿ ನಾ. ಊರ ಮಂದೀದೆಲ್ಲಾ ನೋಡಾಕಿ ತಂದೊಂದ ನೋಡ್ಕೊಳ್ಳಿಲ್ಲ. ಹಿಂದ ಒಬ್ಬಾಕಿ ಮಗಳದಾಳು ಅಂತ ನೆನಪ ಸೈತ ಆಗಲಿಲ್ಲ ಅಕಿಗೆ, ಅಂತ. ಸಾಯೂಮುಂದ ಅಕಿ ನನ್ನ ಕೈ ಹಿಡಿಯಾಕ ಬಂದ್ಲು. ನಾ ಕೊಡಲಿಲ್ರಿ.”

ಆ ದಿನಗಳಲ್ಲಿ ಅವಳು ಬಾಗಿಲ ಬಳಿ ಯಾಕೆ ಕೂತಿದ್ದಳೆಂದು ಈಗ ತಿಳಿಯಿತು. ಗೋಡೆಯ ಮೇಲೆ ಅತ್ತೆ ಮಾವಂದಿರ ಪಟಗಳಿದ್ದವು. ಮಾವಶಿಯ ಪಟ ಎಲ್ಲೂ ಇರಲಿಲ್ಲ.

ಅವಳು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೇಳಿದಳು, “ಬ್ಯಾಡ ಅನ್ನೂಮುಂದ ಅಕಿ ಹೆಂಗಿದ್ಲ್ರಿ?”

“ನಕ್ಕೊಂತ ಇದ್ರು. ಕೊರೋಚಿ ಮಂದೀ ಕಡೆ ಯಾರ ಹೋಗತಾರು ಅಂದು, ನಕ್ಕಿದ್ರು.”

ಅವಳು ತಲೆ ತಗ್ಗಿಸಿದಳು. ಯಂತ್ರದಲ್ಲಿ ಅರ್ಧ ಹೊಲಿದಿದ್ದ ಬಟ್ಟೆಯ ಮೇಲೆ ಹನಿಗಳು ಬಿದ್ದವು. ಅದನ್ನು ಒರೆಸದೆ, “ನೀವಿನ್ನ ಹೋಗ್ರಿ. ಬಸ್ ಸಿಗೂದಿಲ್ಲ,” ಎಂದಳು. ಆ ಮಾತಿನಲ್ಲಿ ಬಿರುಸು ಇರಲಿಲ್ಲ, ಮತ್ತೆ ಬನ್ನಿ ಎಂಬುದೂ ಇರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಬಳಿ ಕೂತು ಕೊಲ್ಹಾಪುರಕ್ಕೆ ಬಂದೆ. ಅವಳಿಂದ ಯಾವ ಸುದ್ದಿಯೂ ಬಂದಿಲ್ಲ, ಬರಲಿ ಎಂದು ಕಾಯುವ ಹಕ್ಕೂ ನನಗಿಲ್ಲ. ಮಾವಶಿ ಹೋದದ್ದಷ್ಟೇ ಅಲ್ಲ, ಮಗಳ ಪಾಲಿಗೆ ತಾಯಿಯ ಕೊನೆಯ ದಿನಗಳೂ ಹೋದವು. ಅವನ್ನು ಯಾರೂ ತಂದುಕೊಡಲಾರರು. ಎಲ್ಲವನ್ನೂ ಹೇಳುತ್ತೇನೆಂದು ಹೋಗಿದ್ದವಳು ಒಂದನ್ನು ಮಾತ್ರ ಅಲ್ಲಿಯೂ ನುಂಗಿಕೊಂಡು ಬಂದೆ. ಅಂದು ಆಫೀಸಿನಲ್ಲಿ ಮಾವಶಿ ನಕ್ಕ ನಗು ಪೂರ್ತಿಯಾಗಿರಲಿಲ್ಲ. ನಡುವೆ ಕೆಮ್ಮು ಬಂತು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು, ಬಹಳ ಹೊತ್ತು ಕೆಮ್ಮಿದರು. ನನಗೆ ಅದು ಕೇಳಿಸುತ್ತಿತ್ತು. ಗಡಿಯಾರದಲ್ಲಿ ಮೂರೂವರೆ ಆಗಿತ್ತು. ನಾನು ತಲೆ ಎತ್ತದೆ ಆ ವಾಕ್ಯವನ್ನು ಬರೆದು ಮುಗಿಸಿದೆ.